ಇಮೆಲ್ಡಾ ಗೇಟು ಬಿಟ್ಟದ್ದು

ಆ ಆದಿತ್ಯವಾರ ಬೇಳದ ಇಗರ್ಜಿಯಲ್ಲಿ ಪೂಜೆ ನಡೆಯುತ್ತಿತ್ತು. ಪಾದ್ರಿಗಳು ರೊಟ್ಟಿಯನ್ನು ಎತ್ತಿ ಹಿಡಿದರು, ಪೀಠದ ಬಳಿ ಕಿರುಗಂಟೆ ಬಾರಿಸಿತು, ಜನರೆಲ್ಲ ಮೊಣಕಾಲೂರಿ ತಲೆ ತಗ್ಗಿಸಿದರು. ಹೆಂಗಸರ ಸಾಲಿನಲ್ಲಿ ಇಮೆಲ್ಡಾ ಒಬ್ಬಳು ಮಾತ್ರ ದಡಕ್ಕನೆ ಎದ್ದು ನಿಂತಳು. ಅವಳ ಬಲಗೈ ಮುಂದೆ ಚಾಚಿ, ಅಲ್ಲಿ ಇಲ್ಲದ ಫೋನನ್ನು ಗಾಳಿಯಲ್ಲಿ ತಡಕಾಡಿತು. ಮಗಳು ರೀನಾ ಸೀರೆ ಹಿಡಿದು ಜಗ್ಗದೆ ಇದ್ದಿದ್ದರೆ ಸಾಲು ಬಿಟ್ಟು ಹೊರಗೇ ಓಡುತ್ತಿದ್ದಳೋ ಏನೋ.

"ಮಮ್ಮಿ, ಎಂತ ಮಾಡ್ತಿದ್ದಿ? ಕೂತ್ಕೋ!"

ಇಮೆಲ್ಡಾ ಕುಳಿತಳು. ಕಿವಿ ಬಿಸಿಯಾಗಿತ್ತು. ಗಂಡಸರ ಸಾಲಿನಿಂದ ಮಾವ ಪಿಯುಸ್ ಪೊರ್ಬುಗಳು ತನ್ನನ್ನೇ ನೋಡುತ್ತಿದ್ದಾರೆಂದು ತಲೆ ಎತ್ತದೆಯೂ ಅವಳಿಗೆ ಗೊತ್ತಾಯಿತು.

ಮನೆಗೆ ಬಂದು ಅಂಗಳದಲ್ಲಿ ಕಾಲು ತೊಳೆಯುವಾಗ ಅವರು ಕೇಳಿಯೇ ಕೇಳಿದರು. "ಪೂಜೆಯಲ್ಲಿ ಎಂತ ಆಯ್ತು ನಿನಗೆ?"

"ಫೋನ್ ಬಂತು ಅಂತ ಕಂಡಿತು ಮಾಂವ್."

"ಯಾವ ಫೋನ್?"

"ಗೇಟಿಂದು."

ಪಿಯುಸ್ ಕಾಲು ಒರೆಸಿಕೊಂಡು ಒಳಗೆ ಹೋದರು. ರೈಲ್ವೆ ಗ್ಯಾಂಗಿನಲ್ಲಿ ಹಳಿ ರಿಪೇರಿ ಮಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು ಅವರು. ಬಿಸಿಲು, ಮಳೆ, ಮೇಲಧಿಕಾರಿಗಳ ಬೈಗುಳ ಎಲ್ಲ ಕಂಡವರು. ಕೆಲಸ ಎಂದರೆ ಕಷ್ಟ ಇದ್ದದ್ದೇ, ಅದಕ್ಕೇ ಸಂಬಳ ಕೊಡುವುದು ಎಂಬುದು ಅವರ ಲೆಕ್ಕಾಚಾರ.

ಇಮೆಲ್ಡಾಳ ಗಂಡ ವಿಲ್ಫ್ರೆಡ್ ಕೂಡ ಅಪ್ಪನ ಹಾಗೆಯೇ ಹಳಿಯ ಕೆಲಸಕ್ಕೆ ಸೇರಿದವನು. ಒಂದು ದಿನ ಮಧ್ಯಾಹ್ನ ಹಳಿಯ ಬದಿ ಊಟಕ್ಕೆ ಕುಳಿತಲ್ಲೇ ಎದೆ ಹಿಡಿದುಕೊಂಡು ಬಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಆಗ ರೀನಾಳಿಗೆ ಇನ್ನೂ ಶಾಲೆಗೆ ಹೋಗುವ ಪ್ರಾಯವೂ ಆಗಿರಲಿಲ್ಲ. ಸರ್ವೀಸಿನಲ್ಲಿರುವಾಗಲೇ ತೀರಿಹೋದವನ ಹೆಂಡತಿಗೆ ಎಂದು ಇಲಾಖೆ ಕೆಲಸ ಕೊಟ್ಟಿತು. ಅದಕ್ಕಾಗಿ ಪಿಯುಸ್ ಎಷ್ಟು ಕಚೇರಿಗಳ ಮೆಟ್ಟಿಲು ಹತ್ತಿಳಿದರೋ ಅವರಿಗೇ ಗೊತ್ತು. ಕಾರಡ್ಕದ ಕೃಷಿಕರ ಮನೆಯ ಹುಡುಗಿ, ರೈಲನ್ನು ದೂರದಿಂದ ಮಾತ್ರ ನೋಡಿದ್ದವಳು, ಹಾಗೆ ಕುಂಬಳೆಯಿಂದಾಚೆ ಕಡಲ ಬದಿಯ ಒಂದು ಲೆವೆಲ್ ಕ್ರಾಸಿಂಗಿನ ಗೇಟು ಕಾಯುವವಳಾದಳು.

ಮೊದಮೊದಲು ಅವಳಿಗೆ ಆ ಗೇಟೇ ದೇವರು. ಒಂದು ಚಿಕ್ಕ ಕೋಣೆ, ಒಂದು ಮೇಜು, ಗೋಡೆಯಲ್ಲಿ ಫೋನು, ಮೂಲೆಯಲ್ಲಿ ಕೆಂಪು ಹಸಿರು ಬಾವುಟ. ಹೊರಗೆ ಬಾದಾಮಿ ಮರ. ರೈಲು ಹೊರಡುವ ಮೊದಲು ಸ್ಟೇಷನ್ ಮಾಸ್ಟರ್ ಫೋನು ಮಾಡುತ್ತಾರೆ. ಕೋಣೆಯ ಹೊರಗಿನ ಹ್ಯಾಂಡಲ್ ತಿರುಗಿಸಿ ಅಡ್ಡಕಂಬ ಇಳಿಸಬೇಕು, ಬೀಗ ಹಾಕಬೇಕು, ಹಾಕಿದ್ದೇನೆಂಬುದಕ್ಕೆ ಸಾಕ್ಷಿಯಾಗಿ ಅವರಿಗೊಂದು ನಂಬರ್ ಹೇಳಬೇಕು. ನಂಬರ್ ಕೊಟ್ಟ ಮೇಲೆ ಆಯಿತು. ರೈಲು ದಾಟುವವರೆಗೆ ಯಾರು ಬಂದರೂ ಗೇಟು ತೆರೆಯುವಂತಿಲ್ಲ. ಕೆಲಸ ಇಷ್ಟೇ. ಕೇಳಿದವರು, "ಕೂತು ತಿನ್ನುವ ಕೆಲಸ ಮಾರಾಯ್ತಿ ನಿನ್ನದು," ಎನ್ನುತ್ತಿದ್ದರು.

ಕೂತು ತಿನ್ನಲು ಮಾತ್ರ ಅಲ್ಲಿ ಪುರುಸೊತ್ತು ಇರಲಿಲ್ಲ. ವರ್ಷ ಹೋದ ಹಾಗೆ ರೈಲುಗಳು ಹೆಚ್ಚಾದವು, ರಸ್ತೆಯಲ್ಲಿ ವಾಹನಗಳು ಅದಕ್ಕಿಂತ ಹೆಚ್ಚಾದವು. ಎರಡು ಹಳಿಗಳ ದಾರಿ. ಒಂದರಲ್ಲಿ ಮಂಗಳೂರಿನಿಂದ ಬರುತ್ತದೆ, ಇನ್ನೊಂದರಲ್ಲಿ ಕಾಸರಗೋಡಿನಿಂದ. ಒಂದು ದಾಟಿ ಇನ್ನೊಂದು ಬರುವುದಿದ್ದರೆ ಗೇಟು ಹಾಕಿಯೇ ಇರಬೇಕು. ಕಾಯುವ ಜನರಿಗೆ ಇದು ತಲೆಗೆ ಹೋಗುವುದಿಲ್ಲ. ರೈಲು ಹೋಯಿತಲ್ಲ, ಇನ್ನೆಂತಕ್ಕೆ ಹಾಕಿಟ್ಟಿದ್ದಿ ಎಂದು ಹಾರ್ನು ಒತ್ತುತ್ತಾರೆ, ತುಳು, ಮಲಯಾಳ, ಕನ್ನಡ ಎಲ್ಲದರಲ್ಲೂ ಬೈಯುತ್ತಾರೆ. ಶೌಚಕ್ಕೆ ಹೋಗುವುದಿದ್ದರೂ ಎರಡು ರೈಲುಗಳ ನಡುವಿನ ಬಿಡುವು ನೋಡಬೇಕು. ಬದಲಿ ಜನ ಇಲ್ಲದ ದಿನ ಅವಳ ಪಾಳಿ ಮುಗಿದರೂ ಮುಗಿಯುತ್ತಿರಲಿಲ್ಲ.

ಮನೆಯಲ್ಲಿ ಮಲಗಿದರೆ ಫೋನಿನ ಸದ್ದು ಕೇಳುತ್ತಿತ್ತು. ಅಡುಗೆಮನೆಯ ಬಾಗಿಲು ಹಾಕಿ ಬಂದು, ಹಾಕಿದೆನೋ ಇಲ್ಲವೋ ಎಂದು ಮತ್ತೆ ಹೋಗಿ ನೋಡುತ್ತಿದ್ದಳು. ನೋಡಿ ಬಂದ ಮೇಲೆ, ನೋಡಿದ್ದು ಈಗಲೋ ಮೊದಲೋ ಎಂದು ಮತ್ತೊಮ್ಮೆ. ಬಸ್ಸಿನಲ್ಲಿ ಕುಳಿತಿರುವಾಗ, ಗೇಟು ತೆರೆದು ಬಿಟ್ಟು ಬಂದೆನಾ ಎಂದು ಎದೆ ಧಸಕ್ಕೆನ್ನುತ್ತಿತ್ತು. ಕುಂಬಳೆಯ ಡಾಕ್ಟರು ಬಿಪಿ ನೋಡಿ ಗುಳಿಗೆ ಬರೆದರು, "ಸ್ವಲ್ಪ ದಿನ ರಜೆ ತಗೊಳ್ಳಿ," ಎಂದರು. ರಜೆ ಕೇಳಿದರೆ ಜನ ಇಲ್ಲ ಎಂಬ ಉತ್ತರ.

ಹೀಗಿರುವಾಗ ಆಂಬುಲೆನ್ಸಿನ ಸಂಗತಿ ನಡೆಯಿತು. ಗೇಟು ಹಾಕಿ ನಂಬರ್ ಕೊಟ್ಟಾಗಿತ್ತು, ರೈಲು ಹತ್ತಿರದಲ್ಲೇ ಇತ್ತು. ಕೂಗುತ್ತಾ ಬಂದ ಆಂಬುಲೆನ್ಸು ಅಡ್ಡಕಂಬದ ಮುಂದೆ ನಿಂತಿತು. ಒಳಗೆ ಹೆರಿಗೆ ನೋವಿನ ಹುಡುಗಿ. ಜನ ಸೇರಿ ಕೋಣೆಯ ಬಾಗಿಲಿಗೆ ಬಂದರು. ಒಬ್ಬ ಕೀಲಿಗೆ ಕೈ ಹಾಕಿದ. ಇಮೆಲ್ಡಾ ಕೀಲಿಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಆತು ನಿಂತಳು. ಬಾಯಿಂದ ಒಂದು ಮಾತೂ ಹೊರಡಲಿಲ್ಲ. ರೈಲು ದಾಟಿತು, ಗೇಟು ತೆರೆಯಿತು, ಹುಡುಗಿ ಆಸ್ಪತ್ರೆ ಮುಟ್ಟಿ ಸುಖವಾಗಿ ಹೆತ್ತಳು. ಆದರೆ ಯಾರೋ ತೆಗೆದ ವೀಡಿಯೋ ಅಷ್ಟರಲ್ಲಿ ಊರೆಲ್ಲ ಸುತ್ತಿತ್ತು. ಗೋಡೆಗೆ ಆತು ನಿಂತ ಹೆಂಗಸು, ಹಿನ್ನೆಲೆಯಲ್ಲಿ ಆಂಬುಲೆನ್ಸಿನ ಕೂಗು, ಕೆಳಗೆ 'ಇವಳಿಗೆ ಮಕ್ಕಳಿಲ್ಲವೇ' ಎಂಬ ಬರಹ. ಕುವೈತಿನಲ್ಲಿದ್ದ ನಾದಿನಿಯ ಗಂಡನೂ ನೋಡಿ ಫೋನು ಮಾಡಿದ. ಇಲಾಖೆಯವರು, ನೀನು ಮಾಡಿದ್ದು ಸರಿ ಎಂದರು. ಮಗು ಹುಟ್ಟಿದ ಸುದ್ದಿಯನ್ನು ಮಾತ್ರ ಯಾರೂ ಯಾರಿಗೂ ಕಳುಹಿಸಲಿಲ್ಲ.

ಇಗರ್ಜಿಯಲ್ಲಿ ಎದ್ದು ನಿಂತದ್ದು ಇದಾದ ಮೇಲೆ.

ಅದರ ಮರುವಾರ, ಬದಿಯಡ್ಕದ ಬಸ್‌ಸ್ಟ್ಯಾಂಡಿನಲ್ಲಿ ಅವಳಿಗೆ ಸೌದಾಮಿನಿ ಸಿಕ್ಕಿದಳು. ಕಾರಡ್ಕದಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಕಲಿತವರು. ಸೌದಾಮಿನಿ ಈಗ ಅಲ್ಲಿಯೇ ಗೇರು, ಮಾವು, ಕರಿಮೆಣಸುಗಳ ಕಸಿ ಗಿಡ ಮಾಡಿ ಮಾರುವ ನರ್ಸರಿ ಇಟ್ಟುಕೊಂಡಿದ್ದಳು. ಗೆಳತಿಯನ್ನು ನೋಡಿದ ಕೂಡಲೇ ಅವಳು ಹೇಳಿದ್ದು, "ಎಂತ ಇಮೆಲ್ಡಾ, ಹುಷಾರಿಲ್ವಾ? ನಿನ್ನ ಮೋರೆ ನೋಡ್ಲಿಕ್ಕೆ ಆಗುದಿಲ್ಲ."

"ಹುಷಾರುಂಟು. ನಿದ್ರೆ ಇಲ್ಲ."

"ರಜೆ ಇರುವ ದಿನ ಒಮ್ಮೆ ನನ್ನಲ್ಲಿಗೆ ಬಾ. ಎಂತ ಮಾಡುದು ಬೇಡ, ಸುಮ್ಮನೆ ಕೂರ್ಲಿಕ್ಕೆ ಬಾ."

ಹೋದಳು. ಸುಮ್ಮನೆ ಕೂರಲು ಮಾತ್ರ ಆಗಲಿಲ್ಲ. ಸೌದಾಮಿನಿಯೂ ಕೆಲಸದ ಹೆಂಗಸರೂ ನೆರಳು ಬಲೆಯಡಿ ಕುಳಿತು ಗೇರಿನ ಕಸಿ ಕಟ್ಟುತ್ತಿದ್ದರು. ಎಳೆ ಗಿಡದ ತಲೆ ಕತ್ತರಿಸಿ, ನಡುವೆ ಸೀಳಿ, ಒಳ್ಳೆಯ ಮರದಿಂದ ತಂದ ಕುಡಿಯನ್ನು ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತುವುದು. ಇಮೆಲ್ಡಾ ಕತ್ತಿ ಕೇಳಿದಳು. ಮೊದಲನೆಯದು ಓರೆಯಾಯಿತು, ಎರಡನೆಯದರಲ್ಲಿ ಬೆರಳು ಕೊಯ್ದುಕೊಂಡಳು. ಆಮೇಲೆ ಸೌದಾಮಿನಿ ಊಟಕ್ಕೆ ಕರೆದಾಗಲೇ ಅವಳಿಗೆ ಮಧ್ಯಾಹ್ನ ದಾಟಿದ್ದು ಗೊತ್ತಾದದ್ದು. ಗಡಿಯಾರ ನೋಡದೆ ಹಗಲು ಕಳೆದದ್ದು ಎಷ್ಟು ಕಾಲದ ಮೇಲೆ ಎಂದು ನೆನೆದು ಅವಳಿಗೆ ಅಳು ಬಂತು. ಬೆರಳಿನ ಗಾಯಕ್ಕೆ ಅಳುತ್ತಿದ್ದಾಳೆಂದು ಹೆಂಗಸರು ಅರಸಿನ ತಂದರು.

ಹೊರಡುವಾಗ ಸೌದಾಮಿನಿ ಹೇಳಿದಳು, "ನನಗೆ ಜನ ಬೇಕು. ಆದ್ರೆ ನಿನಗೆ ಅಲ್ಲಿ ಸಿಕ್ಕುವಷ್ಟು ಕೊಡ್ಲಿಕ್ಕೆ ನನ್ನ ಕೈಯಲ್ಲಿ ಆಗ್ಲಿಕ್ಕಿಲ್ಲ. ಅರ್ಧವೂ ಆಗ್ಲಿಕ್ಕಿಲ್ಲ. ಆಲೋಚನೆ ಮಾಡು."

ಆ ದಿನ ಸಂಜೆ ಜಪಸರ ಮುಗಿಸಿ ಊಟಕ್ಕೆ ಕುಳಿತಾಗ ಇಮೆಲ್ಡಾ ಬಾಯಿಬಿಟ್ಟಳು. "ನಾನು ಗೇಟಿನ ಕೆಲಸ ಬಿಡ್ಬೇಕು ಅಂತ ಉಂಟು."

ಅತ್ತೆ ಗ್ಲೋರಿಯಾ ಬಡಿಸುತ್ತಿದ್ದ ಸೌಟು ಹಾಗೆಯೇ ನಿಂತಿತು. ರೀನಾ ತಾಯಿಯ ಮುಖವನ್ನೂ ಅಜ್ಜನ ಮುಖವನ್ನೂ ನೋಡಿದಳು. ಅವಳು ಪ್ಲಸ್ ಟು ಕಲಿಯುತ್ತಿದ್ದಳು, ಮಂಗಳೂರಿನಲ್ಲಿ ನರ್ಸಿಂಗಿಗೆ ಸೇರುವುದೆಂದು ಎಲ್ಲರೂ ಮಾತಾಡಿ ಆಗಿತ್ತು.

"ಬಿಟ್ಟು?" ಎಂದು ಪಿಯುಸ್ ಕೇಳಿದರು.

"ಸೌದಾಮಿನಿಯ ನರ್ಸರಿಗೆ ಹೋಗ್ತೇನೆ."

"ಪ್ಲಾಸ್ಟಿಕ್ ತೊಟ್ಟೆಗೆ ಮಣ್ಣು ತುಂಬಿಸ್ಲಿಕ್ಕೆ!" ಪಿಯುಸ್ ಬಟ್ಟಲು ದೂಡಿದರು. "ಸೆಂಟ್ರಲ್ ಗವರ್ಮೆಂಟ್ ಕೆಲಸ ಬಿಟ್ಟು ಮಣ್ಣು ತುಂಬಿಸ್ಲಿಕ್ಕೆ ಹೋಗ್ತಾಳಂತೆ. ಆ ಕೆಲಸ ನಿನಗೆ ಯಾರು ಕೊಟ್ಟದ್ದು ಗೊತ್ತುಂಟಾ? ನನ್ನ ಮಗ ಸತ್ತು ಕೊಟ್ಟದ್ದು. ಅದು ವಿಲ್ಲಿಯ ಕೆಲಸ. ಬಿಡ್ಲಿಕ್ಕೆ ಅದು ನಿನ್ನದಲ್ಲ."

"ನನಗೆ ಆಗುದಿಲ್ಲ ಮಾಂವ್."

"ಎಂತ ಆಗುದಿಲ್ಲ? ಬಿಸಿಲಿಲ್ಲ, ಮಳೆ ಇಲ್ಲ. ಸೂರಿನಡಿ ಕೂತುಕೊಂಡು ಹ್ಯಾಂಡಲ್ ತಿರುಗಿಸುದು. ನಾವು ಸುಡುವ ಹಳಿ ಹೊತ್ತವರು."

ಇಮೆಲ್ಡಾ ಹೇಳಲು ನೋಡಿದಳು. ಹೇಳುತ್ತಾ ಹೋದ ಹಾಗೆ ಅವಳ ಮಾತು ಅವಳಿಗೇ ಸಣ್ಣದಾಗಿ ಕಂಡಿತು. ಹಾರ್ನು, ಬೈಗುಳ, ನಿದ್ರೆ. ಇದೆಲ್ಲ ಯಾರಿಗಿಲ್ಲ? ರೀನಾ ಮೆಲ್ಲಗೆ, "ಮಮ್ಮಿ, ನಾನು ಕಲಿತು ಮುಗಿಯುವ ವರೆಗೆ ಆದ್ರೂ…" ಎಂದು ಅರ್ಧಕ್ಕೆ ನಿಲ್ಲಿಸಿದಳು. ಆ ಅರ್ಧ ಮಾತು ಪಿಯುಸರ ಇಡೀ ಮಾತಿಗಿಂತ ಹೆಚ್ಚು ತಾಗಿತು.

"ಸರಿ," ಎಂದು ಪಿಯುಸ್ ಎದ್ದರು. "ನಾಳೆ ನಾನು ಬರ್ತೇನೆ ನಿನ್ನೊಟ್ಟಿಗೆ. ಎಂತ ಅಷ್ಟು ದೊಡ್ಡ ಕಷ್ಟ ಅಂತ ನನ್ನ ಕಣ್ಣಲ್ಲೇ ನೋಡ್ತೇನೆ."

ಬಂದರು ಕೂಡ. ಹೊರಗಿನವರು ಕೋಣೆಗೆ ಬರಬಾರದೆಂಬ ನಿಯಮ ಅವರಿಗೆ ಗೊತ್ತಿತ್ತು. ಹ್ಯಾಂಡಲಿನಿಂದ ನಾಲ್ಕು ಮಾರು ದೂರದಲ್ಲಿ, ಬಾದಾಮಿ ಮರದ ಬುಡದ ಕಲ್ಲಿನ ಮೇಲೆ ಪೇಪರು ಹಿಡಿದು ಕುಳಿತರು. ಬೆಳಗಿನ ಮೊದಲ ರೈಲುಗಳು ತಂಟೆಯಿಲ್ಲದೆ ದಾಟಿದವು. "ಇಷ್ಟೇನಾ?" ಎಂಬಂತೆ ಅವರು ಸೊಸೆಯ ಕಡೆ ನೋಡಿದರು.

ಶಾಲೆಯ ವ್ಯಾನುಗಳೂ ಮೀನಿನ ಗಾಡಿಗಳೂ ಒಟ್ಟಿಗೆ ಬರುವ ಹೊತ್ತಾಯಿತು. ಫೋನು ರಿಂಗಾಯಿತು. ಮಂಗಳೂರು ಕಡೆಯಿಂದ ಎಕ್ಸ್‌ಪ್ರೆಸ್. ಗೇಟು ಇಳಿಸಿ ನಂಬರ್ ಕೊಟ್ಟಳು. ಅದು ಬರುವ ಮೊದಲೇ ಫೋನು ಇನ್ನೊಮ್ಮೆ ರಿಂಗಾಯಿತು. ಕಾಸರಗೋಡು ಕಡೆಯಿಂದ ಗೂಡ್ಸ್. ಅದಕ್ಕೂ ನಂಬರ್ ಕೊಟ್ಟಳು.

"ಇನ್ನೊಂದುಂಟಾ?" ಎಂದು ಪಿಯುಸ್ ಮರದಡಿಯಿಂದ ಕೇಳಿದರು.

"ಹೌದು ಮಾಂವ್, ಗೂಡ್ಸ್ ಉಂಟು."

ಎಕ್ಸ್‌ಪ್ರೆಸ್ ಗಾಳಿ ಎಬ್ಬಿಸಿ ದಾಟಿಹೋಯಿತು. ಅದರ ಬೆನ್ನಿಗೇ ಎರಡೂ ಕಡೆಯ ಸಾಲಿನಿಂದ ಹಾರ್ನು ಶುರುವಾಯಿತು. ಎರಡು ಬೈಕುಗಳು ಕಂಬದಡಿ ಬಾಗಿ ನುಸುಳಿದವು. ಪಿಯುಸ್ ಎದ್ದು ನಿಂತು, "ಏ, ಸಾಯ್ಲಿಕ್ಕಾ?" ಎಂದು ಕಿರುಚಿದರು, ಬೈಕಿನವರು ತಿರುಗಿಯೂ ನೋಡಲಿಲ್ಲ. ಜೀಪಿನವನೊಬ್ಬ ತಲೆ ಹೊರಗೆ ಹಾಕಿ, "ಬಾಯಮ್ಮ, ನಿದ್ರೆಯಾ? ರೈಲು ಹೋಗಿ ಆಯ್ತಲ್ಲಾ!" ಎಂದ. ಹಿಂದಿನಿಂದ ಇನ್ನೊಬ್ಬ ಕೇಳಬಾರದ ಮಾತನ್ನು ಹೇಳಿದ. ನಾಲ್ಕು ಜನ ನಕ್ಕರು. ಸೊಸೆಗೆ ಆಡಿದ ಆ ಮಾತನ್ನು ಕೇಳಿ ಪಿಯುಸರ ಮುಖ ಕಪ್ಪಿಟ್ಟಿತು.

ಅಷ್ಟರಲ್ಲಿ ಚೆಕ್ಸ್ ಅಂಗಿಯ ಒಬ್ಬ ಯುವಕ ಸಾಲಿನಿಂದ ಹೊರಬಂದು ಕೋಣೆಯ ಎದುರಿಗೇ ನಿಂತ. ಮೊಬೈಲನ್ನು ಅವಳ ಮುಖಕ್ಕೆ ಹಿಡಿದ. "ಇದೇ ನೋಡಿ ಆ ಹೆಂಗಸು," ಎಂದು ಯಾರಿಗೋ ವಿವರಿಸುವವನ ಹಾಗೆ ಹೇಳತೊಡಗಿದ. "ಆಂಬುಲೆನ್ಸ್ ನಿಲ್ಲಿಸಿದ ಹೆಂಗಸು ಇದೇ. ಇವತ್ತೂ ಟ್ರೈನ್ ಹೋಗಿ ಎಷ್ಟು ಹೊತ್ತಾಯ್ತು, ಗೇಟ್ ತೆಗೀತಾ ಇಲ್ಲ."

ಇಮೆಲ್ಡಾ ಬಾಗಿಲಲ್ಲಿ ನಿಂತಿದ್ದಳು. ಹಾರ್ನುಗಳು ಒಂದರೊಳಗೊಂದು ಬೆರೆತು ಒಂದೇ ಉದ್ದನೆಯ ಸದ್ದಾಯಿತು. ಆಮೇಲೆ ಆ ಸದ್ದೂ ಹೋಯಿತು. ಮೊಬೈಲಿನ ಹಿಂಬದಿಯ ಕಪ್ಪು ಕಣ್ಣು ಮಾತ್ರ ಎದುರಿಗಿತ್ತು. ಅದು ಅಲ್ಲಿಂದ ಹೋಗಬೇಕು, ಅಷ್ಟೇ. ಅವಳ ಕಾಲು ಮೆಟ್ಟಿಲಿಳಿಯಿತು. ಕೈ ಕೀಲಿಯನ್ನು ಬೀಗಕ್ಕೆ ಹಾಕಿತು, ತಿರುಗಿಸಿತು, ಹ್ಯಾಂಡಲ್ ಹಿಡಿಯಿತು. ಪ್ರತಿದಿನ ಮಾಡುವ ಕೆಲಸ. ಯೋಚಿಸುವ ಅಗತ್ಯವೇ ಇರಲಿಲ್ಲ. ಅಡ್ಡಕಂಬ ಮೇಲೇಳತೊಡಗಿತು.

ಸಾಲಿನಲ್ಲಿ ಇಂಜಿನುಗಳು ಗುರ್ರೆಂದವು. ಎಲ್ಲಕ್ಕಿಂತ ಮುಂದಿದ್ದ ಆಟೋ ಕಂಬ ಇನ್ನೂ ಪೂರ್ತಿ ಏರುವ ಮೊದಲೇ ಮೂತಿ ಒಳಗೆ ತೂರಿಸಿತು. ಒಳಗೆ ಮಕ್ಕಳ ಯೂನಿಫಾರ್ಮಿನ ನೀಲಿ ಬಣ್ಣ ಕಂಡಿತು.

"ಇಮೆಲ್ಡಾ! ಗೂಡ್ಸ್!"

ಪಿಯುಸ್ ಆ ಪ್ರಾಯದಲ್ಲಿ ಹೇಗೆ ಓಡಿದರೋ. ಇಡೀ ಮೈಯ ಭಾರವನ್ನು ಹ್ಯಾಂಡಲಿನ ಮೇಲೆ ಹಾಕಿ ಹಿಂದಕ್ಕೆ ತಿರುಗಿಸಿದರು. ಇಳಿದ ಕಂಬ ಆಟೋದ ಮೇಲಿನ ಮಾಡಿಗೆ ಬಡಿಯಿತು. "ಹಿಂದೆ! ಹಿಂದೆ ತೆಗಿ!" ಎಂದು ಕೂಗುತ್ತಲೇ ಇದ್ದರು. ಆಟೋದವನು ದಿಕ್ಕು ತೋಚದೆ ಒಮ್ಮೆ ಮುಂದಕ್ಕೆ ಜಗ್ಗಿ, ಮತ್ತೆ ಹಿಂದಕ್ಕೆ ತೆಗೆದ. ಹಿಂದಿನ ಜೀಪಿಗೆ ಗುದ್ದಿತು. ಕಂಬ ಕೆಳಗಿಳಿಯಿತು. ಪಿಯುಸ್ ಕೀಲಿ ತಿರುಗಿಸಿದರು. ಅವರ ಉಸಿರು ಇನ್ನೂ ಕೆಳಗಿಳಿಯುವ ಮೊದಲೇ ತಿರುವಿನಲ್ಲಿ ಗೂಡ್ಸಿನ ಇಂಜಿನು ಕೂಗಿತು.

ಉದ್ದದ ಗೂಡ್ಸು. ಡಬ್ಬಿಯ ಹಿಂದೆ ಡಬ್ಬಿ ಹೋಗುತ್ತಲೇ ಇತ್ತು. ಯಾರೂ ಹಾರ್ನು ಹಾಕಲಿಲ್ಲ. ಆಟೋದೊಳಗಿನ ಮಕ್ಕಳು ಚೀಲಗಳನ್ನು ತಬ್ಬಿಕೊಂಡು ಕುಳಿತಿದ್ದರು. ಇಮೆಲ್ಡಾ ನಿಂತಲ್ಲಿಂದ ಅಲುಗಲಿಲ್ಲ. ಹಸಿರು ಬಾವುಟ ತೋರಿಸಬೇಕಾದದ್ದು ಅವಳಿಗೆ ನೆನಪಾದದ್ದು ಕೊನೆಯ ಡಬ್ಬಿ ಹೋದ ಮೇಲೆ.

ಗೇಟನ್ನು ಪಿಯುಸರೇ ತೆರೆದರು. ವಾಹನಗಳು ಮೆಲ್ಲಗೆ, ಶವದ ಮೆರವಣಿಗೆಯ ಹಾಗೆ ದಾಟಿದವು. ಚೆಕ್ಸ್ ಅಂಗಿಯವನು ಕೊನೆಯವರೆಗೂ ನಿಂತಿದ್ದ. "ವೀಡಿಯೋ ಡಿಲೀಟ್ ಮಾಡಿದ್ದೇನೆ ಬಾಯಮ್ಮ. ನೋಡಿ, ಇಲ್ಲ," ಎಂದು ಮೊಬೈಲು ತೋರಿಸಿದ. ಯಾರೂ ನೋಡಲಿಲ್ಲ. ಅವನು ಬೈಕು ಹತ್ತಿ ಹೋದ.

ಇಮೆಲ್ಡಾ ಕೋಣೆಯೊಳಗೆ ಸ್ಟೂಲಿನ ಮೇಲೆ ಕುಳಿತಳು. ಪಿಯುಸ್ ನಿಯಮ ಮರೆತು ಒಳಗೆ ಬಂದು ನೀರು ಕೊಟ್ಟರು.

"ನನಗೆ ಗೊತ್ತಿತ್ತು ಮಾಂವ್," ಎಂದಳು. "ನಿಮಗೆ ನಾನೇ ಹೇಳಿದ್ದು ಗೂಡ್ಸ್ ಉಂಟು ಅಂತ. ಗೊತ್ತಿತ್ತು. ಆದ್ರೂ ಕೈ ತಿರುಗಿಸ್ತು."

"ಆಯ್ತು, ಬಿಡು. ಯಾರಿಗೂ ಎಂತದೂ ಆಗ್ಲಿಲ್ಲ."

ಅವಳು ಎದ್ದು ಫೋನಿನ ಕಡೆಗೆ ಹೋದಳು. ಅವಳ ಮನಸ್ಸಿನಲ್ಲಿದ್ದದ್ದು ಪಿಯುಸರಿಗೆ ತಿಳಿಯಿತು. ಫೋನಿನ ಮೇಲೆ ಅವರು ತಮ್ಮ ಕೈ ಇಟ್ಟರು.

"ಬೇಡ."

"ಹೇಳ್ಬೇಕು ಮಾಂವ್."

"ಎಂತಕ್ಕೆ ಹೇಳುದು? ವೀಡಿಯೋ ಇಲ್ಲ. ಆಟೋದವ ಹೇಳ್ಲಿಕ್ಕಿಲ್ಲ, ಅವನದ್ದೂ ತಪ್ಪುಂಟು. ನೀನು ಬಾಯಿಬಿಟ್ರೆ ಡಿಸ್ಮಿಸ್ ಮಾಡ್ತಾರೆ. ಗೊತ್ತುಂಟಾ ನಿನಗೆ, ಡಿಸ್ಮಿಸ್! ವಿಲ್ಲಿಯ ಕೆಲಸ…" ಇಡೀ ಜೀವಮಾನ ನಿಯಮ, ನಿಯಮ ಎಂದು ಇತರರಿಗೆ ಪಾಠ ಹೇಳಿದ ಮನುಷ್ಯ ಈಗ ಸೊಸೆಯ ಮುಂದೆ ಕೈಮುಗಿಯುವುದೊಂದು ಬಾಕಿ.

ಇಮೆಲ್ಡಾ ಅವರ ಕೈಯನ್ನು ದೂಡಲಿಲ್ಲ. "ಇವತ್ತು ನೀವು ಇದ್ರಿ," ಎಂದಳು. "ನಾಳೆ ಇರ್ಲಿಕ್ಕಿಲ್ಲ."

ಕಡಲ ಕಡೆಯಿಂದ ಗಾಳಿ ಬಂದು ಗೋಡೆಯ ಕ್ಯಾಲೆಂಡರು ಪಟಪಟ ಎಂದಿತು. ಪಿಯುಸ್ ಕೈ ತೆಗೆದರು; ತೆಗೆದು ಹೊರಗೆ ಹೋಗಿ ಹಳಿಯ ಕಡೆ ಬೆನ್ನು ಹಾಕಿ ನಿಂತುಕೊಂಡರು.

ಅವಳು ಸ್ಟೇಷನ್ ಮಾಸ್ಟರಿಗೆ ನಡೆದದ್ದನ್ನು ಹೇಳಿದಳು. ಗೇಟು ಕಾಯಲು ಬೇರೆಯವರನ್ನು ಕಳುಹಿಸಿ ಎಂದಳು. ಬದಲಿಯಾಗಿ ಮೋಕ್ಷಿತಾ ಎಂಬ ಹೊಸ ಹುಡುಗಿ ಸ್ಕೂಟರಿನಲ್ಲಿ ಓಡೋಡಿ ಬರುವವರೆಗೆ ಇನ್ನೂ ಎರಡು ರೈಲು ದಾಟಿಸಬೇಕಿತ್ತು. ಪ್ರತಿ ಸಲವೂ ಇಮೆಲ್ಡಾ ಬೀಗ ಹಾಕಿ ಕೀಲಿಯನ್ನು ಮಾವನ ಕೈಯಲ್ಲಿ ಕೊಟ್ಟು, ರೈಲು ಹೋದ ಮೇಲೆ ಅವರಿಂದ ಕೇಳಿ ಪಡೆದಳು. ಅದೂ ನಿಯಮಕ್ಕೆ ವಿರುದ್ಧವೇ. ಅದನ್ನೂ ಅವಳು ಆಮೇಲೆ ಹೇಳಿಕೆಯಲ್ಲಿ ಹೇಳಿದಳು.

ವಿಚಾರಣೆ ನಡೆಯಿತು. ಮೇಲ್ವಿಚಾರಕ ಸುಕುಮಾರ ಒಳ್ಳೆಯ ಮನುಷ್ಯ. "ಹೇಳದೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಬಾಯಮ್ಮ," ಎಂದು ಬೇಸರದಿಂದ ಹೇಳಿದ. ಮೇಲಿನವರು ಒಂದು ಇನ್‌ಕ್ರಿಮೆಂಟ್ ಕಡಿತ ಮಾಡಿದರು, ಪುನಃ ತರಬೇತಿಗೆ ಹೋಗಿ ಬಂದು ಅದೇ ಗೇಟಿಗೆ ಹಾಜರಾಗಬಹುದೆಂದರು. ನೀನೇ ಬಂದು ಹೇಳಿದ್ದರಿಂದ ಕೆಲಸ ಉಳಿಯಿತು ಎಂದು ಒಬ್ಬ ಅಧಿಕಾರಿ ಅವಳ ಬೆನ್ನು ತಟ್ಟುವ ಹಾಗೆ ಮಾತಾಡಿದರು. ಗೇಟಲ್ಲದೆ ಬೇರೆ ಯಾವುದಾದರೂ ಕೆಲಸ, ಕಸ ಗುಡಿಸುವುದಾದರೂ ಆದೀತು, ಕೊಡುತ್ತೀರಾ ಎಂದು ಅವಳು ಕೇಳಿದಳು. ಸದ್ಯ ಜಾಗ ಇಲ್ಲ, ಕಾಯಬೇಕು ಎಂದರು. ಎಷ್ಟು ಸಮಯ ಎಂದರೆ ಅವರಿಗೂ ಗೊತ್ತಿರಲಿಲ್ಲ.

ತರಬೇತಿಗೆ ಹೊರಡುವ ದಿನ ಹತ್ತಿರ ಬಂತು. ಮನೆಯಲ್ಲಿ ಯಾರೂ ಆ ವಿಷಯ ಎತ್ತುತ್ತಿರಲಿಲ್ಲ. ಪಿಯುಸ್ ಸೊಸೆಯೊಡನೆ ಮಾತು ಬಿಟ್ಟವರ ಹಾಗೆ ತೋಟದಲ್ಲಿಯೇ ಇರುತ್ತಿದ್ದರು. ಇಮೆಲ್ಡಾ ಚೀಲಕ್ಕೆ ಬಟ್ಟೆ ತುಂಬಿಸುತ್ತಿದ್ದಳು, ತೆಗೆಯುತ್ತಿದ್ದಳು. ಬಿಟ್ಟರೆ ಮಗಳ ಓದು ಏನಾಗುತ್ತದೆ? ಬಿಡದಿದ್ದರೆ ಇನ್ನೊಂದು ದಿನ, ಇನ್ನೊಂದು ಆಟೋ. ಎರಡನ್ನೂ ತೂಗಿ ನೋಡಿದರೆ ತಕ್ಕಡಿ ಯಾವ ಕಡೆಗೂ ನಿಲ್ಲುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಯಾವಾಗಲೂ ಮಾತು ಕಡಿಮೆಯ ಗ್ಲೋರಿಯಾ ಮೀನು ಕೊಯ್ಯುತ್ತಾ ಕುಳಿತಲ್ಲಿಂದ ಗಂಡನನ್ನು ಕರೆದರು. ಇಮೆಲ್ಡಾ ಬಾವಿಕಟ್ಟೆಯ ಬಳಿ ಬಟ್ಟೆ ಒಗೆಯುತ್ತಿದ್ದಳು, ಅವಳಿಗೆ ಕೇಳಲಿ ಎಂದೇ ಹೇಳಿದ್ದೋ ಏನೋ.

"ಅವಳನ್ನು ಕಳಿಸ್ಬೇಡಿ."

"ನಾನು ಕಳಿಸುದಾ? ಅವಳಿಗೆ ಬೇಕಾದ ಹಾಗೆ ಮಾಡ್ಲಿ," ಎಂದರು ಪಿಯುಸ್.

"ಹಾಗೆ ಹೇಳಿದ್ರೆ ಆಗುದಿಲ್ಲ. ನೀವು ಮಾತಾಡದೆ ಕೂತ್ರೆ ಅವಳು ಹೋಗ್ತಾಳೆ. ವಿಲ್ಲಿಗೆ ಎರಡು ದಿನದಿಂದ ಎದೆ ಹಿಡಿದ ಹಾಗೆ ಆಗ್ತಿತ್ತು. ರಜೆ ಹಾಕ್ತೇನೆ ಅಂದ. ಗಂಡಸರು ಅಷ್ಟಕ್ಕೆಲ್ಲ ರಜೆ ಹಾಕುದಾ ಅಂತ ಕೇಳಿದ್ದು ನೀವು. ನಾನೂ ಸುಮ್ಮನಿದ್ದೆ, ಬುತ್ತಿ ಕಟ್ಟಿ ಕೊಟ್ಟೆ. ಇನ್ನೊಮ್ಮೆ ಕಟ್ಟಿ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಬಾವಿಕಟ್ಟೆಯಲ್ಲಿ ಇಮೆಲ್ಡಾಳ ಕೈ ನಿಂತಿತು. ಈ ಮಾತು ಅವಳಿಗೆ ಗೊತ್ತಿರಲಿಲ್ಲ. ಪಿಯುಸ್ ಕೋಲು ಹಿಡಿದು ಗುಡ್ಡದ ಕಡೆಗೆ ನಡೆದುಹೋದರು, ಸಂಜೆಯವರೆಗೆ ಬರಲಿಲ್ಲ.

ರೀನಾ ಆ ಸಂಜೆ ತಾಯಿಯ ಹತ್ತಿರ ಬಂದು ಕುಳಿತಳು. "ಮಂಗಳೂರು ಬೇಡ ಮಮ್ಮಿ. ಸರ್ಕಾರಿ ಸೀಟ್ ಸಿಕ್ಕಿದ್ರೆ ನರ್ಸಿಂಗ್, ಇಲ್ಲದಿದ್ರೆ ಕಾಸರಗೋಡಿನಲ್ಲೇ ಡಿಗ್ರಿ," ಎಂದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು. ಬೇಡವೆನ್ನಲು ಮನಸ್ಸಿಲ್ಲದೆ ಬೇಡವೆನ್ನುತ್ತಿದ್ದಾಳೆಂದು ಇಮೆಲ್ಡಾಳಿಗೆ ಗೊತ್ತಾಯಿತು. ಗೊತ್ತಾದರೂ ಅವಳು ಆ ಮಾತನ್ನು ಒಪ್ಪಿಕೊಂಡಳು.

ರಾಜೀನಾಮೆ ಕೊಡಲು ಅವಳು ಹೊರಟ ಬೆಳಗ್ಗೆ ಪಿಯುಸ್ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಜಗಲಿಯಲ್ಲಿ ಕುಳಿತಿದ್ದರು. ಎಲ್ಲಿಗೆಂದು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಸ್ಸಿನಲ್ಲಿ ಗಂಡಸರ ಸೀಟಿನಲ್ಲಿ ಕಿಟಕಿಯಾಚೆ ನೋಡುತ್ತಾ ಬಂದರು. ಕಚೇರಿಯೊಳಗೆ ಮಾತ್ರ ಕಾಲಿಡಲಿಲ್ಲ. ಅವಳು ಒಳಗಿನ ಕೆಲಸ ಮುಗಿಸಿ ಹೊರಗೆ ಬಂದಾಗ ಅವರು ಎದುರಿನ ಹೋಟೆಲಿನ ಬೆಂಚಿನಲ್ಲಿದ್ದರು.

"ಆಯ್ತಾ?"

"ಆಯ್ತು ಮಾಂವ್."

"ಈ ಹೋಟೆಲಿನ ಚಾ ಬಾಯಿಗೆ ಹಾಕ್ಲಿಕ್ಕೆ ಆಗುದಿಲ್ಲ," ಎಂದರು. ಆದರೂ ಅವಳಿಗೊಂದು ಹೇಳಿದರು.

ಊರಿನವರು ಅವಳನ್ನು ಮರುಳಿ ಎಂದರು. ಇಗರ್ಜಿಯ ಅಂಗಳದಲ್ಲಿ ಒಬ್ಬಳು, ನಿನಗೆ ಬೇಡದಿದ್ದರೆ ನನ್ನ ಮಗನಿಗಾದರೂ ಕೊಡಿಸಬಹುದಿತ್ತು ಎಂದು, ಅದು ಅಂಗಡಿಯಲ್ಲಿ ಸಿಗುವ ವಸ್ತುವೋ ಎಂಬಂತೆ ಹೇಳಿದಳು. ಕಾರಡ್ಕದ ಕೆಲಸವೂ ಹೂವಿನ ಹಾಸಿಗೆಯಾಗಿರಲಿಲ್ಲ. ದಿನಾ ಬದಿಯಡ್ಕ, ಮುಳ್ಳೇರಿಯ ದಾಟಿ ಎರಡು ಬಸ್ಸು ಬದಲಿಸಬೇಕು. ಮೊದಲ ಮಳೆಗಾಲದಲ್ಲಿ ಅವಳು ಕಟ್ಟಿದ ಕಸಿಗಳಲ್ಲಿ ಅರ್ಧಕ್ಕರ್ಧ ಕೊಳೆತುಹೋದವು. ಸೌದಾಮಿನಿ ಬೈಯದೆ ಇದ್ದದ್ದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಬಗ್ಗಿ ಕುಳಿತು ಸೊಂಟ ನೋವು ಶುರುವಾಯಿತು. ಫೋನಿನ ಸದ್ದಿಗೆ ಎಚ್ಚರಾಗುವುದು ಒಮ್ಮೆಲೇ ನಿಲ್ಲಲಿಲ್ಲ. ನಡುನಡುವೆ ಕೆಲವು ದಿನ ಇಲ್ಲದಾಯಿತು, ಮತ್ತೆ ಬಂತು, ಮತ್ತೆ ಇಲ್ಲದಾಯಿತು. ರೀನಾಳಿಗೆ ಸರ್ಕಾರಿ ಸೀಟು ಸಿಗಲಿಲ್ಲ. ಅವಳು ಕಾಸರಗೋಡಿನ ಕಾಲೇಜಿಗೆ ಸೇರಿದಳು, ಮುಂದಿನ ವರ್ಷ ಇನ್ನೊಮ್ಮೆ ಪ್ರಯತ್ನಿಸುತ್ತೇನೆ ಎಂದಳು.

ಪಿಯುಸ್ ನರ್ಸರಿಯ ಕೆಲಸದ ಬಗ್ಗೆ ಈಗಲೂ ಒಳ್ಳೆಯ ಮಾತು ಆಡುವುದಿಲ್ಲ. ಯಾರಾದರೂ ಗೇಟಿನ ವಿಷಯ ಕೇಳಿದರೆ, "ಅದು ಬಿಟ್ಟಾಯ್ತಲ್ಲಾ," ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ.

ಕಳೆದ ವರ್ಷ ಮಳೆ ಬಿಟ್ಟ ಮೇಲೆ ಒಬ್ಬ ಮನುಷ್ಯ ಪಿಕಪ್ಪಿನಲ್ಲಿ ಸತ್ತ ಗೇರು ಗಿಡಗಳನ್ನು ತುಂಬಿಸಿಕೊಂಡು ನರ್ಸರಿಗೆ ಬಂದ. ಸೌದಾಮಿನಿ ಇರಲಿಲ್ಲ. ಅವನು ಗಿಡಗಳನ್ನು ಇಮೆಲ್ಡಾಳ ಕಾಲಬುಡಕ್ಕೆ ಬಿಸಾಡಿ, ಮೋಸಗಾರರು, ಹೆಂಗಸರ ಕೈಗೆ ಕಸಿ ಕೊಟ್ಟರೆ ಇನ್ನೇನಾಗುತ್ತದೆ ಎಂದು ಬಾಯಿಗೆ ಬಂದದ್ದು ಹೇಳಿದ. ಇಮೆಲ್ಡಾ ಒಂದು ಗಿಡ ಎತ್ತಿ ನೋಡಿದಳು. ಬುಡದ ಮಣ್ಣಿಗೆ ಸುತ್ತಿದ ಪ್ಲಾಸ್ಟಿಕ್ ತೊಟ್ಟೆ ಹಾಗೆಯೇ ಇತ್ತು; ಬಿಚ್ಚದೆ ಹೊಂಡಕ್ಕೆ ಇಳಿಸಿದ್ದ.

"ತೊಟ್ಟೆ ಯಾರು ತೆಗೆಯುದು? ನಾನು ಬಂದು ತೆಗೆಯುದಾ ನಿಮ್ಮ ಗುಡ್ಡೆಗೆ?" ಅವಳ ದನಿ ಏರಿತು. "ಕೊಡುವಾಗ ಹೇಳಿದ್ದೇನೆ. ಕೇಳ್ಲಿಕ್ಕೆ ಕಿವಿ ಬೇಕು. ಬೈಯ್ಲಿಕ್ಕೆ ಮಾತ್ರ ಬಾಯಿ ಉಂಟು ನಿಮಗೆ!"

ಕೆಲಸದ ಹೆಂಗಸರು ಕತ್ತಿ ಕೆಳಗಿಟ್ಟು ನೋಡಿದರು. ಅವನು ಇನ್ನೂ ಒಂದೆರಡು ಮಾತು ಆಡಿದ. ಅವಳು ಒಂದಕ್ಕೆ ಎರಡು ಕೊಟ್ಟಳು. ಕೊನೆಗೆ ಅವನು ಗೊಣಗುತ್ತಾ ಪಿಕಪ್ಪು ಹತ್ತಿದ. ಅವಳು ಬಂದು ತನ್ನ ಜಾಗದಲ್ಲಿ ಕುಳಿತಳು. ಎದೆ ಹೊಡೆದುಕೊಳ್ಳುತ್ತಿತ್ತು. ಇನ್ನು ಕೈಕಾಲು ತಣ್ಣಗಾಗುತ್ತದೆ, ಕಣ್ಣು ಕತ್ತಲೆ ಬರುತ್ತದೆ ಎಂದು ಕಾದಳು. ಹಾಗೇನೂ ಆಗಲಿಲ್ಲ. ಪಕ್ಕದವಳು ನಗುತ್ತಾ, "ನಿಮಗೆ ಇಷ್ಟು ಬಾಯಿ ಉಂಟು ಅಂತ ನಮಗೆ ಗೊತ್ತೇ ಇರ್ಲಿಲ್ಲ ಇಮೆಲ್ಡಕ್ಕ," ಎಂದಳು.

"ನನಗೂ ಗೊತ್ತಿರ್ಲಿಲ್ಲ ಮಾರಾಯ್ತಿ," ಎಂದು ಇಮೆಲ್ಡಾ ಹೇಳಿ, ಬುಟ್ಟಿಯಿಂದ ಒಂದು ಕುಡಿ ತೆಗೆದುಕೊಂಡಳು.